ಅಮ್ಮನ ಹೊಟ್ಟೆಯ ಮೇಲಿನ ಹೊಲಿಗೆ

ಮನೆಯಿಂದ, ಮಾರ್ಚ್ ೧೧, ಮಧ್ಯಾಹ್ನ

ಮುದ್ದಿನ ಗುಬ್ಬೀ,

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಮಕ್ಕಳ ಉತ್ತರಪತ್ರಿಕೆಗಳನ್ನೇ ತಿಂದು ಮಲಗುತ್ತೀಯೋ, ಮೇಷ್ಟ್ರಮ್ಮಾ? ಫೋನಿನಲ್ಲಿ ಹೇಳಹೋದರೆ ಊಟ ತಿಂಡಿ ವಿಚಾರಿಸಿ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರೆಸ್ಸಿಗೆ ರಜೆ ಹಾಕಿದ್ದೇನೆ. ಪ್ರೂಫ್ ತಿದ್ದುವ ಕೆಂಪು ಪೆನ್ನೇ ಕೈಗೆ ಸಿಕ್ಕಿತು. ಬೇರೆಯದನ್ನು ಹುಡುಕಲು ಎದ್ದರೆ ಧೈರ್ಯ ಹೋಗಿಬಿಡುತ್ತದೆ.

ಅಮ್ಮನ ಕೆಮ್ಮು ನಿನಗೆ ಗೊತ್ತೇ ಇದೆ. ಜ್ವರವೂ ಇದ್ದುದರಿಂದ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡಾಗ ಹೊಸ ಡಾಕ್ಟರು ನ್ಯುಮೋನಿಯಾ ಎಂದರು. ಎರಡು ಸಲ ಮಾತ್ರೆ ಬದಲಾಯಿತು. ಜ್ವರ ಇಳಿದಾಗ ನಾನು ಹಿರಿಹಿರಿ ಹಿಗ್ಗಿದೆ, ಕೆಮ್ಮು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಕಫ ಪರೀಕ್ಷೆಯಾಯಿತು, ಕ್ಷಯವೂ ಅಲ್ಲ. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಎರಡೂ ಶ್ವಾಸಕೋಶಗಳಲ್ಲಿ ಬಟಾಣಿಯಂಥ ದುಂಡು ಗಂಟುಗಳು. ಡಾಕ್ಟರು ಕನ್ನಡಕ ತೆಗೆದು ಕೇಳಿದರು: "ಯಜಮಾನ್ರೇ, ಆ ಹೊಟ್ಟೆ ಮೇಲಿನ ಹೊಲಿಗೆ ನಿಜವಾಗ್ಲೂ ಅಪೆಂಡಿಕ್ಸಾ?"

ಅಲ್ಲ ಮಗಳೇ. ನಾಲ್ಕು ವರ್ಷದ ಹಿಂದೆ, ನೀನು ಹಾಸ್ಟೆಲಿನಲ್ಲಿ ಕೊನೆಯ ಪರೀಕ್ಷೆ ಬರೆಯುತ್ತಿದ್ದಾಗ, ತೆಗೆದದ್ದು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ. "ಮಗು ಓದು ಕೆಡುತ್ತೆ, ಬಾಯಿ ಬಿಡಬೇಡಿ" ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ನಿನಗೆ ಹೇಳಿದ ಸುಳ್ಳನ್ನೇ ನೆಂಟರಿಗೂ ನೆರೆಯವರಿಗೂ ಹೇಳಿದೆವು. ಹೇಳಿ ಹೇಳಿ ನಮಗೇ ಅದು ನಿಜವಾಗಿತ್ತು. ಮೊದಲ ದಿನ ಡಾಕ್ಟರು ಹೊಲಿಗೆ ನೋಡಿ ಕೇಳಿದಾಗ ಅವಳು "ಅಪೆಂಡಿಕ್ಸ್" ಎಂದಳು, ಪಕ್ಕದಲ್ಲಿದ್ದ ನಾನು ತಲೆಯಾಡಿಸಿದೆ. ಊರವರ ಬರಹದಲ್ಲಿ ಬಿಟ್ಟುಹೋದ ಒಂದೊಂದು ಕೊಂಬನ್ನೂ ಹಿಡಿಯುವ ಮಹಾಶಯ! ಹೀಗೆ ಎರಡು ತಿಂಗಳು ಹೋಯಿತು. ಸೂಜಿ ಹಾಕಿ ತೆಗೆದ ಚೂರಿನ ವರದಿ ನಿನ್ನೆ ಬಂತು, ಅದೇ ಕಾಯಿಲೆ ಶ್ವಾಸಕೋಶಕ್ಕೆ ಹರಡಿದೆ. ಗುಣವಾಗುವುದು ಕಷ್ಟ, ಚಿಕಿತ್ಸೆಯಿಂದ ಒಂದಷ್ಟು ಕಾಲ ಸಿಗಬಹುದಂತೆ. ಅಮ್ಮನಿಗೆ ಹೇಳಿದೆ. ತುಂಬಾ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಗುಬ್ಬಿಗೆ ರಜೆ ಬರೋವರ್ಗೂ ಹೇಳ್ಬೇಡಿ" ಎಂದಳು. ಈ ಸಲ ನಾನು ಅವಳ ಮಾತು ಕೇಳುವುದಿಲ್ಲ. ಬಂದುಬಿಡು. ನನಗೆ ಭಯವಾಗುತ್ತಿದೆ. ಬೈಯಬೇಕೆನಿಸಿದರೆ ಎದುರಿಗೇ ನಿಂತು ಬೈ.

ನಮ್ಮಿಬ್ಬರ ಆಯುಸ್ಸೂ ನಿನಗಿರಲಿ.

ನಿನ್ನ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಇನ್ನೊಂದು ಉಳಿದಿದೆ. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೂ ಬರಬಹುದು, ಮಗಳಿಗೂ ಕರುಳಿನ ತಪಾಸಣೆ ಮಾಡಿಸಿ ಎಂದು ಅಂದಿನ ಡಾಕ್ಟರು ಆಗಲೇ ಹೇಳಿದ್ದರು. ಗುಟ್ಟು ರಟ್ಟಾಗುತ್ತದೆಂದು ಸುಮ್ಮನಿದ್ದೆವು. ಹೊರಡುವ ಮೊದಲು ಅಲ್ಲೇ ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊ. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾರೆ. ಅಮ್ಮನಿಗೆ ಇದೆ ಎನ್ನು.