ಕಾವ್ಯಳ ಕೋಣೆಯ ಬಣ್ಣ

ನಾರಾಯಣಪೇಟೆ
೧೮ ಜುಲೈ ೨೦೨೪

ಪ್ರೀತಿಯ ಭಾಗ್ಯಜ್ಯೋತಿ,

ನೀನೂ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ತೊಟ್ಟಿಲಿಗೆ ಹಾಕುವ ದಿನ ಮಕ್ತಲ್‌ಗೆ ಬರುತ್ತೇನೆಂದು ಮಾತು ಕೊಟ್ಟು ಬರಲಿಲ್ಲ, ಆಮೇಲೆ ಒಂದು ಫೋನೂ ಮಾಡಲಿಲ್ಲ. ಸಿಟ್ಟಾಗಿರುತ್ತೀ. ಫೋನು ಹಿಡಿದರೆ ನಮ್ಮತ್ತೆ ಭೀಮಾಬಾಯಿ ಪಕ್ಕದಲ್ಲೇ ಬಂದು ಕೂಡುತ್ತಾರೆ, ಹೇಳಬೇಕಾದದ್ದು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾವ್ಯಳ ಕೋಣೆಗೆ ಬಣ್ಣ ಹೊಡೆಸಿದೆವು. ಸುದ್ದಿ ಇಷ್ಟೇ. ಆದರೆ ಆ ಗೋಡೆಗಳಿಗೆ ನೀಲಿ ಹಕ್ಕಿಗಳ ವಾಲ್‌ಪೇಪರ್ ಅಂಟಿಸಿದವರು ಅವಳ ತಾಯಿ ಕೃಷ್ಣಪ್ರಿಯಾ. ತಾವೇ ಕುರ್ಚಿ ಹತ್ತಿ, ತಾವೇ ಗೋಂದು ಸವರಿ ಅಂಟಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು. ಆ ಕೋಣೆಯ ಕಸ ಗುಡಿಸುವಾಗಲೂ ಗೋಡೆಗೆ ಮೈ ತಾಗದ ಹಾಗೆ ಓಡಾಡುತ್ತಿದ್ದೆ.

ಈ ಮಳೆಗೆ ಛತ್ತು ಸೋರಿತು. ಮೂಲೆಯ ಕಾಗದ ಕೊಳೆತು ಜೋತುಬಿತ್ತು, ಹುಡುಗಿಗೆ ಕೆಮ್ಮು ಹತ್ತಿತು. ಸೋರುವುದನ್ನೇನೋ ಮುಚ್ಚಿಸಿದೆವು. ಬಣ್ಣದ ಮೊಗುಲಪ್ಪ ಬಂದು ನೋಡಿ, "ಕೊಳತದ್ದು ತಗೀತೀನ್ರಿ. ಉಳದದ್ದು ಕಿತ್ತಿದ್ರ ಗ್ವಾಡಿ ಸಿಮೆಂಟ್ ಗಿಲಾವೆಲ್ಲಾ ಉದುರ್ತೈತಿ. ಕಾಗದದ ಮ್ಯಾಲೇ ಹೊಡದುಬಿಡೋಣು," ಎಂದ.

"ಕಾವ್ಯಗ ನೀವ ಹೇಳ್ರಿ," ಎಂದು ನಮ್ಮವರನ್ನು ಬೇಡಿಕೊಂಡೆ. ಅವರು ಗೋಡೆಯ ಕಡೆ ನೋಡಲೂ ಇಲ್ಲ. "ನೀನ ಹೇಳು," ಎಂದು ಗದ್ವಾಲ್‌ಗೆ ಡ್ಯೂಟಿಗೆ ಹೊರಟುಹೋದರು. ಅತ್ತೆ ಮಾತ್ರ, "ಹೊಸ ಸೊಸಿ ಬಂದು ಹಳೀ ಸೊಸೀ ಗುರುತು ಅಳಸಿದ್ಲು ಅಂತಾರ ಮಂದಿ. ನೋಡ್ಕೊ," ಎಂದರು. ಕಾವ್ಯಳಿಗೆ ಹೇಳಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ತಲೆಯಾಡಿಸಿ ಶಾಲೆಗೆ ಹೋದಳು. ಅತ್ತಿದ್ದರೇ ಚೆನ್ನಾಗಿತ್ತು. ಅವಳು ಬರುವ ಹೊತ್ತಿಗೆ ಏನಾಗುತ್ತದೋ ಎಂದು ದಿನವೆಲ್ಲ ಬಾಗಿಲಿಗೂ ಒಲೆಗೂ ತಿರುಗಾಡಿದೆ.

ಸಂಜೆ ಬಂದಳು. ಅಷ್ಟರಲ್ಲಿ ಒಂದು ಗೋಡೆ ಮುಗಿದಿತ್ತು. ಚೀಲವನ್ನೂ ಇಳಿಸದೆ ಮೊಗುಲಪ್ಪನ ಮುಂದೆ ಕೈಚಾಚಿ, "ಬ್ರಶ್ ಕೊಡ್ರಿ. ನಮ್ಮಮ್ಮ ಹಚ್ಚಿದ್ದು, ನಾನ ಮುಚ್ತೀನಿ. ಬ್ಯಾರೇದವ್ರು ಬ್ಯಾಡ," ಎಂದಳು.

ಅವನು ನನ್ನ ಮುಖ ನೋಡಿದ. ಕೊಡು ಎಂದು ಸನ್ನೆ ಮಾಡಿದೆ.

ಒಂಬತ್ತು ವರ್ಷದ ಹುಡುಗಿ, ಭಾಗ್ಯಾ! ಒಂದೊಂದೇ ಹಕ್ಕಿಯನ್ನು ಮುಚ್ಚಿದಳು, ಮೊದಲು ರೆಕ್ಕೆ, ಆಮೇಲೆ ತಲೆ. ಹಸಿ ಬಣ್ಣಕ್ಕೆ ಕಾಗದ ಅಲ್ಲಲ್ಲಿ ಗುಳ್ಳೆ ಎದ್ದಾಗ ಅಂಗೈಯಿಂದ ಒತ್ತಿ ಕೂಡಿಸಿದಳು. ಕೈ ಎಟುಕದ ಕಡೆ ಸ್ಟೂಲು ಹತ್ತಿದಳು. ಬಿದ್ದಾಳೆಂದು ನಾನು ಸ್ಟೂಲು ಹಿಡಿದು ನಿಂತೆ. ಅದನ್ನು ಅವಳು ಬೇಡವೆನ್ನಲಿಲ್ಲ. ಕತ್ತಲಾಗುವ ಮುಂಚೆ ಎರಡನೆಯ ಗೋಡೆ ಅವಳದೇ ಕೈಯಿಂದ ಮುಗಿಯಿತು. ಉಳಿದದ್ದನ್ನು ಮರುದಿನ ಮೊಗುಲಪ್ಪನಿಗೆ ಬಿಟ್ಟುಕೊಟ್ಟಳು.

ಅಂದು ರಾತ್ರಿ ನಮ್ಮವರು ಡ್ಯೂಟಿಯಿಂದ ಬಂದು ಹೊಸ್ತಿಲಲ್ಲೇ ನಿಂತು ನೋಡಿದರು. ಮಗಳ ಉಗುರಿನ ಬಣ್ಣವನ್ನು ಎಣ್ಣೆ ಹಚ್ಚಿ ತಿಕ್ಕಿ ತೆಗೆದರು. ನಾನು ಅಡುಗೆಮನೆಗೆ ಸರಿದೆ. ಈಗ ಕೆಮ್ಮು ಇಳಿದಿದೆ, ಕೋಣೆ ಬೆಳ್ಳಗಾಗಿದೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ನಾನು ಮಾತ್ರ ಈಗಲೂ ಆ ಗೋಡೆಗಳಿಗೆ ಮೈ ತಾಗದ ಹಾಗೆಯೇ ಓಡಾಡುತ್ತೇನೆ.

ಕೂಸಿಗೆ ದೃಷ್ಟಿ ತಾಗದಿರಲಿ, ನಿನ್ನ ಮಡಿಲಲ್ಲಿ ನಕ್ಕೊಂತ ಬೆಳೆಯಲಿ. ರಾಯರು ನಿಮ್ಮನ್ನು ಕಾಯಲಿ.

ನಿನ್ನ
ಮೇಘಾ

ತಾಜಾಕಲಂ: ಮೊನ್ನೆ ಮಧ್ಯಾಹ್ನ ಕಾವ್ಯ ಒಂದು ದಿನದ ಜ್ವರದಲ್ಲಿ ಮಲಗಿದ್ದವಳು "ಅಮ್ಮಾ" ಎಂದು ಕೂಗಿದಳು. ಹಿಟ್ಟಿನ ಕೈಯಲ್ಲೇ "ಬಂದೆ ಪುಟ್ಟಾ" ಎಂದು ಓಡಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿ, ಎಷ್ಟು ಮರ್ಯಾದೆಯಿಂದ ಹೇಳಿದಳು ಗೊತ್ತೇ: "ನಿಮ್ಮನ್ನ ಕರೀಲಿಲ್ರಿ."