ನಾಲ್ಕರಿಂದ ಐದು: ರದ್ದಾದ ಸಂಪರ್ಕ ಅವಧಿಯ ಬಗ್ಗೆ

ಸ್ವಯಂಸೇವಾ ಸಂಸ್ಥೆಗಳ ತರಬೇತಿ ಮತ್ತು ಸಂಪರ್ಕ ವಿಭಾಗದ ಮಾನ್ಯ ಅಧಿಕಾರಿಗಳೇ,

ಜೆರಾಕ್ಸ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾವು ಪೂರ್ವಾನುಮತಿ ಇಲ್ಲದೆ 'ತರಬೇತಿ ಹಾಗೂ ಸಂಪರ್ಕ ಕಾರ್ಯಕ್ರಮ' ನಡೆಸುತ್ತಿದ್ದೇವೆ ಎಂದು ನಿಮಗೆ ದೂರು ಬಂದಿದೆಯಂತೆ. ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡದಿದ್ದರೆ ನಮ್ಮ ಸಂಸ್ಥೆಯ ನೋಂದಣಿ ನವೀಕರಣವನ್ನು ತಡೆಹಿಡಿಯುವುದಾಗಿ ನೋಟಿಸ್ ಕಳಿಸಿದ್ದೀರಿ. ದೂರು ನಿಜ. ವಿವರಣೆಯನ್ನು ಕೊಡುತ್ತಿದ್ದೇನೆ. ನಿಮಗೆ ಮಾತ್ರ ಕೊಟ್ಟರೆ ಅದು ಯಾವ ಕಪಾಟಿನಲ್ಲಿ ಕೂರುತ್ತದೆಂದು ಗೊತ್ತಿರುವುದರಿಂದ ಎಲ್ಲರೂ ಓದುವಂತೆ ಕೊಡುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದವಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಂತಾದ ಮೇಲೆ ಕೆಲಸ ಬಿಟ್ಟೆ. ನೆರೆಮನೆಯ ನಿವೃತ್ತ ಕಂಪೌಂಡರ್ ಒಂದು ದಿನ ಬಂದು, "ಮನೇಲಿ ಸುಮ್ನೆ ಕೂರೋ ಬದಲು ಆಸ್ಪತ್ರೇಲಿ ಸುಮ್ನೆ ಕೂತ್ಕೋತೀರಾ?" ಎಂದು ಕೇಳಿದರು. ನಮ್ಮ ಸಂಸ್ಥೆ ಮಾಡುವುದು ಅಷ್ಟನ್ನೇ. ಯಾರೂ ದಿಕ್ಕಿಲ್ಲದ ರೋಗಿಗಳ ಪಕ್ಕ ಕೂರುತ್ತೇವೆ. ನೀರು ಕುಡಿಸುತ್ತೇವೆ, ಮಗ್ಗುಲು ಬದಲಿಸುತ್ತೇವೆ, ಮಾತಾಡಿಸುತ್ತೇವೆ. ಇರುವುದು ನಾಲ್ಕು ಜನ. ನಿಮ್ಮ ವಾರ್ಷಿಕ ನಮೂನೆಯಲ್ಲಿ 'ಸಾಧನೆಗಳು' ಎಂಬ ಕಾಲಂ ಬಂದಾಗಲೆಲ್ಲ ನಾವು ಪರಸ್ಪರ ಮುಖ ನೋಡಿಕೊಳ್ಳುತ್ತೇವೆ. ಕೂತಿದ್ದೆವು ಎಂಬುದನ್ನು ಸಾಧನೆ ಎಂದು ಹೇಗೆ ಬರೆಯುವುದು?

ಎರಡು ವರ್ಷದ ಹಿಂದೆ ಒಂದು ಸೋಮವಾರ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನ ಹದಿನೇಳನೇ ಹಾಸಿಗೆಗೆ ಒಬ್ಬಾಕೆಯನ್ನು ತಂದು ಮಲಗಿಸಿದರು. ಮಾರುಕಟ್ಟೆಯ ತಿರುವಿನಲ್ಲಿ ಬೈಕು ಹೊಡೆದು ಸೊಂಟದ ಮೂಳೆ ಮುರಿದಿತ್ತು. ಬೈಕಿನವನು ನಿಲ್ಲಲಿಲ್ಲ. ಕೇಸ್ ಶೀಟಿನಲ್ಲಿ ಹೀಗೆ ಬರೆದಿದ್ದರು: 'ಹೆಸರು ತಿಳಿಯದು. ವಯಸ್ಸು ಸುಮಾರು ನಲವತ್ತೈದು. ಮಾತಿಲ್ಲ. ಮಾನಸಿಕ ಅಸ್ವಸ್ಥೆ.' ಕೊನೆಯ ಎರಡು ಪದಗಳನ್ನು ಯಾರು ಬರೆದರು, ಏನನ್ನು ನೋಡಿ ಬರೆದರು ಎಂದು ನಾನು ಆಮೇಲೆ ಬಹಳ ವಿಚಾರಿಸಿದೆ. ಯಾರಿಗೂ ನೆನಪಿಲ್ಲ. ಉತ್ತರ ಕೊಡದವರನ್ನು ಹುಚ್ಚರೆನ್ನುವುದು ಅಲ್ಲಿ ರೂಢಿ. ಆ ಲೆಕ್ಕಕ್ಕೆ ನಿಮ್ಮ ಕಚೇರಿಯ ಬಗ್ಗೆ ಏನೆನ್ನಬೇಕೋ ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಆಕೆ ನನ್ನನ್ನು ಕಂಡ ಕೂಡಲೇ ಒಂದು ಸನ್ನೆ ಮಾಡುತ್ತಿದ್ದಳು. ಬಲಗೈಯ ಎರಡು ಬೆರಳು ಜೋಡಿಸಿ ಎಡಹುಬ್ಬಿನ ಮೇಲೆ ಎರಡು ಸಲ ತಟ್ಟಿ, ಅಂಗೈಯನ್ನು ನನ್ನ ಕಡೆ ಚಾಚುವುದು. ಮತ್ತೆ ತಟ್ಟುವುದು, ಮತ್ತೆ ಚಾಚುವುದು. ನಾನು ನರ್ಸನ್ನು ಕರೆದು, "ಪಾಪ, ತುಂಬಾ ತಲೆನೋವು ಅನ್ಸುತ್ತೆ" ಎಂದೆ. ನರ್ಸು ಮಾತ್ರೆ ಕೊಟ್ಟಳು. ಆಕೆ ಮಾತ್ರೆ ನುಂಗಿ, ನನ್ನ ಮುಖ ನೋಡಿ, ಮತ್ತೆ ಹುಬ್ಬು ತಟ್ಟಿದಳು. ನಾಲ್ಕನೇ ದಿನ ಬಾಗಿಲ ಬಳಿ ಆಯಾಳ ಕೈಯಿಂದ ಸ್ಟೀಲಿನ ಟ್ರೇ ಜಾರಿ ಬಿತ್ತು. ಇಡೀ ವಾರ್ಡು ಬೆಚ್ಚಿ ತಿರುಗಿತು. ಹದಿನೇಳನೇ ಹಾಸಿಗೆ ಮಾತ್ರ ಕಿಟಕಿಯ ಕಡೆ ನೋಡುತ್ತಲೇ ಇತ್ತು. ಸುಸ್ತಾಗಿರಬೇಕು ಅಂದುಕೊಂಡೆ. ಬಟ್ಟೆಯ ಹೊಲಿಗೆ ಅರ್ಧ ನೂಲು ಆಚೀಚೆಯಾದರೆ ಹಿಡಿಯುತ್ತಿದ್ದ ಕಣ್ಣು ನನ್ನದು, ಸ್ವಾಮೀ. ಅಂದು ಏನೂ ಹಿಡಿಯಲಿಲ್ಲ.

ಆರನೇ ದಿನ ನಿಮ್ಮ ತರಬೇತಿ. 'ಸ್ಥಳೀಯ ಸಂಸ್ಥೆಗಳ ಸಾಮರ್ಥ್ಯವರ್ಧನೆ ಮತ್ತು ಸಂಪರ್ಕಜಾಲ ನಿರ್ಮಾಣ.' ಹಾಜರಾತಿ ಕಡ್ಡಾಯ ಎಂದು ಪತ್ರದಲ್ಲಿ ದಪ್ಪಕ್ಷರದಲ್ಲಿತ್ತು. ಅರವತ್ತನಾಲ್ಕು ಸಂಸ್ಥೆಗಳು ಬಂದಿದ್ದವು. ಸಭಾಂಗಣ ತಣ್ಣಗಿತ್ತು, ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದಿರಿ. ಬೆಳಿಗ್ಗೆ ದೃಷ್ಟಿಕೋನ ಹೇಗೆ ರೂಪಿಸಬೇಕೆಂದು ಒಬ್ಬರು ಹೇಳಿದರು. ಆಮೇಲೆ ನಮ್ಮ ಕತೆಯನ್ನು ತೊಂಬತ್ತು ಸೆಕೆಂಡಿನಲ್ಲಿ ಮಾರುವುದು ಹೇಗೆಂದು ಇನ್ನೊಬ್ಬರು ಹೇಳಿದರು. ಊಟದ ನಂತರ ಎಲ್ಲರನ್ನೂ ನಿಲ್ಲಿಸಿ ಬಲೂನು ಊದಿಸಿದರು. ಕಾರ್ಯಕ್ರಮ ಪಟ್ಟಿಯ ಕೊನೆಯಲ್ಲಿ ಒಂದೇ ಸಾಲು ಇತ್ತು: 'ನಾಲ್ಕರಿಂದ ಐದು, ಮುಕ್ತ ಸಂಪರ್ಕ ಅವಧಿ.' ಅಂದರೆ ನಾವು ನಾವೇ ಮಾತಾಡಿಕೊಳ್ಳುವ ಒಂದು ಗಂಟೆ.

ಮೂರು ಗಂಟೆಯ ಹೊತ್ತಿಗೆ ನನ್ನ ಕಣ್ಣು ಸಭಾಂಗಣದ ಎಡಮೂಲೆಗೆ ಹೋಯಿತು. ಅಲ್ಲಿ ಒಬ್ಬ ಮೇಷ್ಟ್ರು ಪಕ್ಕದಲ್ಲಿದ್ದ ಹೆಂಗಸಿಗೆ ಭಾಷಣವನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದರು. ಬೆರಳುಗಳು ಸರಸರನೆ ಓಡುತ್ತಿದ್ದವು, ಆ ಹೆಂಗಸು ನಗುತ್ತಿದ್ದಳು. ಟ್ರೇ ಬಿದ್ದದ್ದು ನೆನಪಾಯಿತು. ಎದ್ದು ಹೋಗಿ ಕೇಳಬೇಕೆಂದು ಕುರ್ಚಿಯ ಕೈ ಹಿಡಿದೆ. ಸ್ವಯಂಸೇವಕಿಯೊಬ್ಬಳು ಹತ್ತಿರ ಬಂದು, "ಮೇಡಂ, ಮಧ್ಯದಲ್ಲಿ ಏಳಬೇಡಿ, ವಿಡಿಯೋ ಆಗ್ತಿದೆ" ಎಂದಳು. ಕುಳಿತೆ. ನಾಲ್ಕು ಗಂಟೆಗೆ ಕೇಳಿದರಾಯಿತು ಅಂದುಕೊಂಡೆ.

ನಾಲ್ಕು ಗಂಟೆಗೆ ಮುಖ್ಯ ಅತಿಥಿಗಳು ಬಂದರು. ಅವರು ಬರಬೇಕಾದದ್ದು ಬೆಳಿಗ್ಗೆ ಹತ್ತಕ್ಕೆ. ಸೇವೆಯ ಮಹತ್ವದ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ಆಮೇಲೆ ಗುಂಪು ಫೋಟೋ. ನಿರೂಪಕರು ಮೈಕಿನಲ್ಲಿ, "ಸಮಯದ ಅಭಾವದಿಂದ ಸಂಪರ್ಕ ಅವಧಿಯನ್ನು ರದ್ದುಪಡಿಸಲಾಗಿದೆ, ಸಹಕರಿಸಬೇಕು" ಎಂದರು. ನಾವು ಸಹಕರಿಸಿದೆವು. ಸಹಕರಿಸುವುದರಲ್ಲಿ ನಮ್ಮಂಥವರಿಗೆ ಯಾವ ತರಬೇತಿಯೂ ಬೇಕಿಲ್ಲ. ನಾನು ಮೂಲೆಗೆ ಹೋಗುವಷ್ಟರಲ್ಲಿ ಮೇಷ್ಟ್ರು ಇರಲಿಲ್ಲ. ಮೆಟ್ಟಿಲು ಇಳಿದೆ, ಗೇಟಿನವರೆಗೆ ಹೋದೆ. ನನ್ನ ಬಸ್ ಬಂತು. ಹತ್ತಿದೆ.

ಆ ಬಸ್ ಹತ್ತಬಾರದಿತ್ತು. ಇದಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ. ಆದರೆ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕಚೇರಿಗೆ ಫೋನ್ ಮಾಡಿ ಆ ಮೇಷ್ಟ್ರ ನಂಬರ್ ಕೇಳಿದೆ. ಗುಮಾಸ್ತರು, "ಭಾಗವಹಿಸಿದವರ ಮಾಹಿತಿ ಗೌಪ್ಯ ಇರುತ್ತೆ ಅಮ್ಮ. ಅರ್ಜಿ ಕೊಡಿ" ಎಂದರು. "ಒಬ್ಬರು ಆಸ್ಪತ್ರೆಯಲ್ಲಿದ್ದಾರೆ, ಅರ್ಜೆಂಟ್" ಎಂದೆ. "ಹಾಗಾದ್ರೆ ಅರ್ಜೀಲಿ ಮೇಲ್ಗಡೆ ಅರ್ಜೆಂಟ್ ಅಂತ ಬರೀರಿ" ಎಂದರು. ಬರೆದೆ. ಅಂದೇ ಹೋಗಿ ಕೊಟ್ಟು ಬಂದೆ. 'ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಎಂಬ ಉತ್ತರ ಹತ್ತೊಂಬತ್ತು ದಿನಗಳ ನಂತರ ಬಂತು. ಅದು ಇನ್ನೂ ಪರಿಶೀಲನೆಯಲ್ಲೇ ಇದೆಯೆಂದು ನಂಬಿದ್ದೇನೆ.

ಆಕೆ ತೀರಿಕೊಂಡದ್ದು ಹನ್ನೊಂದನೇ ದಿನ, ಮಧ್ಯಾಹ್ನ ಎರಡಕ್ಕೆ. ಎದೆಯಲ್ಲಿ ಕಫ ಕಟ್ಟಿ ಸೋಂಕಾಗಿತ್ತು. ಪಕ್ಕದಲ್ಲಿ ನಾನಿದ್ದೆ. ಪೊಲೀಸರ ಕಾಗದಪತ್ರ ಮುಗಿದ ಮೇಲೆ ನಗರದ ಸ್ಮಶಾನದಲ್ಲಿ ಒಂದು ಸಂಖ್ಯೆ ಹಾಕಿ ಮಣ್ಣು ಮಾಡಿದರು. ನಾನೂ ಕಂಪೌಂಡರೂ ಹೋಗಿದ್ದೆವು.

ಹದಿನಾಲ್ಕು ತಿಂಗಳು ಕಳೆದವು. ನಿಮ್ಮ ವಾರ್ಷಿಕ ವರದಿಯ ಗಡುವು ಬಂತು. ಮೂರು ಪ್ರತಿ, ಜೊತೆಗೆ ಐದು ರೋಗಿಗಳ ವಿವರ ಕಡ್ಡಾಯ. ಮಾಮೂಲಿ ಅಂಗಡಿ ಮುಚ್ಚಿದ್ದರಿಂದ ನಾನು ಅಂಚೆ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ನಲವತ್ತರ ಆಸುಪಾಸಿನ ಹೆಂಗಸು ಒಂದೊಂದೇ ಹಾಳೆಯನ್ನು ಗಾಜಿನ ಮೇಲಿಟ್ಟು ತೆಗೆಯುತ್ತಿದ್ದಳು. ಮೂರನೇ ಹಾಳೆ ತೆಗೆದವಳು ಕೆಳಗಿಡಲಿಲ್ಲ. ಓದತೊಡಗಿದಳು. ನನಗೆ ಸ್ವಲ್ಪ ಸಿಟ್ಟೇ ಬಂತು, ಬೇರೆಯವರ ಕಾಗದ ಓದುವುದೆಂದರೇನು ಎಂದು.

"ಎಡಗೈ ಹೆಬ್ಬೆರಳಿಗೆ ಉಗುರಿಲ್ಲ ಅಂತ ಬರೆದಿದೀರಿ. ಇದು ಯಾರು?" ಎಂದಳು.

"ಗೊತ್ತಿಲ್ಲಮ್ಮ. ಹೆಸರು ಸಿಗಲಿಲ್ಲ."

"ನಮ್ಮಕ್ಕಂಗೆ ಇಸ್ತ್ರಿ ಪೆಟ್ಟಿಗೆ ಬಿದ್ದು ಆ ಉಗುರು ಹೋಗಿತ್ತು. ಮತ್ತೆ ಬರಲೇ ಇಲ್ಲ." ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು, "ಅವಳಿಗೆ ಹುಟ್ಟಿನಿಂದ ಕಿವಿ ಕೇಳ್ತಿರಲಿಲ್ಲ."

ಹೇಳಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ನನ್ನ ಎರಡು ಬೆರಳು ನನ್ನ ಹುಬ್ಬಿಗೆ ಹೋಗಿದ್ದವು. "ಅವರು ಯಾವಾಗಲೂ ಹೀಗೆ ಮಾಡ್ತಿದ್ರು. ನಾವು ತಲೆನೋವು ಅಂದ್ಕೊಂಡ್ವಿ."

ಆಕೆ ನನ್ನನ್ನೇ ನೋಡಿದಳು. ಆಗ ಕಂಡಿತು, ಅವಳ ಎಡಹುಬ್ಬನ್ನು ಎರಡು ಭಾಗ ಮಾಡಿದ ಒಂದು ಹಳೆಯ ಗಾಯದ ಗೆರೆ. ಅವಳು ಅದರ ಮೇಲೆ ಬೆರಳಿಟ್ಟುಕೊಂಡಳು.

"ಅದು ತಲೆನೋವಲ್ಲ. ಅದು ನನ್ನ ಹೆಸರು," ಎಂದಳು. "ಚಿಕ್ಕವಳಿದ್ದಾಗ ಮೆಟ್ಟಿಲ ಮೇಲೆ ಬಿದ್ದೆ. ಅವತ್ತಿಂದ ಅವಳು ನನ್ನ ಹಾಗೇ ಕರೆಯೋದು. ಕೈ ಚಾಚಿದ್ರೆ, ಕರ್ಕೊಂಡು ಬಾ ಅಂತ."

ಮಾನ್ಯರೇ, ಹನ್ನೊಂದು ದಿನ ಆಕೆ ತಂಗಿಯನ್ನು ಕರೆಯಿರಿ ಎಂದು ಕೇಳುತ್ತಿದ್ದಳು. ನಾವು ಆ ಹೆಸರಿಗೆ ದಿನಕ್ಕೆ ಎರಡರಂತೆ ಮಾತ್ರೆ ಕೊಟ್ಟೆವು.

ಅಂಗಡಿಯಾಕೆ ಅಳಲಿಲ್ಲ. "ಉಳಿದ ಹಾಳೆ ಕೊಡಿ" ಎಂದು ಎಲ್ಲವನ್ನೂ ಜೆರಾಕ್ಸ್ ಮಾಡಿ, ಅಂಚು ತಟ್ಟಿ ಸರಿಪಡಿಸಿ, ಪಿನ್ ಹಾಕಿ ಕೊಟ್ಟಳು. ಆಮೇಲೆ ಶಟರ್ ಅರ್ಧ ಇಳಿಸಿ, ಸ್ಟೂಲಿನ ಮೇಲೆ ಕುಳಿತು ನಡೆದದ್ದನ್ನು ಹೇಳಿದಳು. ಅಕ್ಕ ತಪ್ಪಿಹೋದ ಮೂರನೇ ದಿನವೇ ಅವಳು ದೊಡ್ಡಾಸ್ಪತ್ರೆಯ ವಿಚಾರಣಾ ಕಿಟಕಿಗೆ ಬಂದಿದ್ದಳು. "ಕಿವಿ ಕೇಳದ ಹೆಂಗಸು ಯಾರಾದ್ರೂ ದಾಖಲಾಗಿದಾರಾ ಅಂತ ಕೇಳಿದೆ. ಪುಸ್ತಕ ನೋಡಿ, ಅಂಥವರು ಯಾರೂ ಇಲ್ಲ ಅಂದ್ರು." ಪುಸ್ತಕದಲ್ಲಿ ಇರಲಿಲ್ಲ, ನಿಜ. ಪುಸ್ತಕದಲ್ಲಿ ಇದ್ದದ್ದು ಮಾನಸಿಕ ಅಸ್ವಸ್ಥೆ. ಕಿಟಕಿಯಿಂದ ಹದಿನೇಳನೇ ಹಾಸಿಗೆಗೆ ಒಂದು ಕಾರಿಡಾರು, ಒಂದು ತಿರುವು.

ಇಷ್ಟೇ ಆಗಿದ್ದರೆ ನಾನು ಆಸ್ಪತ್ರೆಗೆ ಪತ್ರ ಬರೆಯುತ್ತಿದ್ದೆ. ಆಕೆ ಮುಂದುವರಿಸಿದಳು. ಕಾಣೆಯಾದವರ ಮನೆಯವರು ಸೇರಿ ಮಾಡಿಕೊಂಡ ಒಂದು ಸಣ್ಣ ಸಂಘದಲ್ಲಿ ಅವಳು ಮೊದಲೇ ಇದ್ದಳು. ಭಿತ್ತಿಪತ್ರ ಮುದ್ರಿಸಿಕೊಡುವುದು ಅವಳ ಪಾಲಿನ ಸೇವೆ. ಬೇರೆಯವರ ಮನೆಯವರಿಗಾಗಿ ಆರು ವರ್ಷ ಮುದ್ರಿಸಿದವಳು ಆ ವಾರ ತನ್ನ ಅಕ್ಕನದನ್ನು ಮುದ್ರಿಸಿಕೊಂಡಿದ್ದಳು. "ಆ ಶನಿವಾರ ಒಂದು ಟ್ರೈನಿಂಗ್ ಇತ್ತು. ಊರಿನ ಎಲ್ಲಾ ಸಂಸ್ಥೆಯವರು ಬರ್ತಾರೆ, ಕೊನೇಲಿ ಒಂದು ಗಂಟೆ ಮಾತಾಡೋಕೆ ಬಿಡ್ತಾರೆ ಅಂತ ಇತ್ತು. ಅದಕ್ಕೇ ಹೋದೆ. ಪೋಸ್ಟರ್ ತಗೊಂಡು ಹೋಗಿದ್ದೆ. ಬಾಗಿಲಲ್ಲಿ, ಸ್ವಂತ ಪ್ರಚಾರದ ಸಾಮಗ್ರಿ ಒಳಗೆ ಬಿಡಲ್ಲ ಅಂತ ಬ್ಯಾಗ್ ಇಟ್ಕೊಂಡ್ರು. ಸರಿ, ಬಾಯಲ್ಲೇ ಹೇಳೋಣ ಅಂದ್ಕೊಂಡೆ."

ನಿಮ್ಮ ಬಣ್ಣದ ಕೈಪಿಡಿಯಲ್ಲಿ ಆ ಗುಂಪು ಫೋಟೋ ಇದೆ. ಅವಳು ಎರಡನೇ ಸಾಲು, ನಾನು ಮೂರನೇ ಸಾಲು. ಕೈ ಚಾಚಿದರೆ ಅವಳ ಭುಜ ಸಿಗುತ್ತದೆ. ಮೇಷ್ಟ್ರು ಎಡತುದಿಯಲ್ಲಿದ್ದಾರೆ. ಆ ಫೋಟೋ ತೋರಿಸಿ ಕೇಳುತ್ತಾ ಹೋಗಿ ಅವರನ್ನು ನಾವೇ ಪತ್ತೆ ಮಾಡಿದೆವು. ಅವರ ಕಿವುಡ ಮಕ್ಕಳ ಶಾಲೆ ಆಸ್ಪತ್ರೆಯ ಹಿಂಬಾಗಿಲಿನಿಂದ ಎರಡು ರಸ್ತೆ ಆಚೆ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ, ಫಲಕ ಇಲ್ಲದೆ ನಡೆಯುತ್ತಿದೆ. ಅಕ್ಕತಂಗಿಯರ ಮನೆಯ ಸನ್ನೆ ಅವರಿಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಆದರೆ ಅದು ನೋವಲ್ಲ, ಮಾತು ಎಂದು ಐದು ನಿಮಿಷದಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ ಒಬ್ಬರಿಗೆ ಇನ್ನೊಬ್ಬರು ಇರುವುದೇ ಗೊತ್ತಿರಲಿಲ್ಲ. ಮೂವರೂ ಇರುವುದು ಗೊತ್ತಿದ್ದದ್ದು ಇಡೀ ಊರಿನಲ್ಲಿ ಒಬ್ಬರಿಗೆ ಮಾತ್ರ, ನಿಮಗೆ. ನಮ್ಮ ಮೂರು ಕಡತಗಳು ನಿಮ್ಮ ಒಂದೇ ಕಪಾಟಿನಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅವುಗಳ ನಡುವೆ ಸಂಪರ್ಕ ಚೆನ್ನಾಗಿಯೇ ಇದೆ.

ಹೊರಡುವಾಗ ಆಕೆ ಒಂದೇ ಪ್ರಶ್ನೆ ಕೇಳಿದಳು. "ಕೊನೇವರೆಗೂ ಹಾಗೆ ಮಾಡ್ತಿದ್ಲಾ?"

"ಹೌದು" ಎಂದೆ.

ಅದು ಸುಳ್ಳು. ಒಂಬತ್ತನೇ ದಿನ ಅವಳ ಅಕ್ಕ ಡ್ರಿಪ್ಪಿನ ಸೂಜಿ ಕಿತ್ತುಕೊಳ್ಳುತ್ತಾಳೆಂದು ಎರಡೂ ಕೈಗಳನ್ನು ಬಟ್ಟೆಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನರ್ಸು ನನಗೆ, "ಒಂಚೂರು ಹಿಡ್ಕೊಳ್ಳಿ" ಎಂದಳು. ಬಲಗೈ ಹಿಡಿದುಕೊಂಡದ್ದು ನಾನು. ಗಂಟು ಸಡಿಲವಾಗಿರಲಿ, ಚರ್ಮ ಉಜ್ಜದಿರಲಿ ಎಂದು ಕೆಳಗೆ ಹತ್ತಿ ಇಟ್ಟು ಹೊಲಿಗೆಯವಳ ಜಾಣತನವನ್ನೂ ತೋರಿಸಿದೆ. ಕಿವಿ ಕೇಳದಿರಬಹುದೆಂಬ ಅನುಮಾನ ಬಂದಿದ್ದರೂ, ಒಬ್ಬರ ಬಾಯಿ ಕಟ್ಟುತ್ತಿದ್ದೇನೆಂದು ನನಗೆ ಆಗ ಹೊಳೆಯಲಿಲ್ಲ. ಕೊನೆಯ ಎರಡು ದಿನ ಆಕೆ ಬೆರಳಷ್ಟನ್ನೇ ಆಡಿಸುತ್ತಿದ್ದಳು, ಗಾಳಿಯಲ್ಲಿ, ಹುಬ್ಬಿಗೆ ಎಟುಕದೆ. ಈಗಲೂ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಯಾರಾದರೂ ಸುಮ್ಮನೆ ಹಣೆ ಒರೆಸಿಕೊಂಡರೂ ನನ್ನ ಕಾಲು ನಿಂತುಬಿಡುತ್ತದೆ. ಅವರು ಏನು ಕೇಳುತ್ತಿದ್ದಾರೆಂದು ನೋಡುತ್ತಾ ನಿಲ್ಲುತ್ತೇನೆ.

ಈ ಪತ್ರವನ್ನು ಕಳಿಸುವ ಮೊದಲು ಅಂಗಡಿಯಾಕೆಗೆ ಓದಿ ಹೇಳಿದೆ. ಕೈ ಕಟ್ಟಿದ ಭಾಗವನ್ನೂ ಓದಿದೆ. ಅವಳು ಬಹಳ ಹೊತ್ತು ಯಂತ್ರದ ಮುಚ್ಚಳ ಒರೆಸಿದಳು. ಆಮೇಲೆ, "ಅದನ್ನೂ ಹಾಕಿ" ಎಂದಳು. ಮರುದಿನ ಸ್ಮಶಾನಕ್ಕೆ ಕರೆದುಕೊಂಡು ಹೋಗಲು ಹೇಳಿದಳು. ಮೊದಲೂ ಹೋಗಿದ್ದೆವು, ಆದರೆ ಆಗ ಅವಳು ಸುಮ್ಮನೆ ನಿಂತು ಬಂದಿದ್ದಳು. ಈ ಸಲ ಆ ಸಂಖ್ಯೆಯ ಮುಂದೆ ಕುಳಿತು ಕೈಯಲ್ಲಿ ಮಾತಾಡಿದಳು. ಬಹಳ ಮಾತಿತ್ತು. ನಾನು ಅತ್ತ ತಿರುಗಿ ನಿಂತೆ. ಬೇರೆಯವರ ಮಾತನ್ನು ಕದ್ದು ಕೇಳಬಾರದಲ್ಲ.

ಈಗ ನೀವು ಕೇಳಿದ ವಿವರಣೆ. ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ಮೇಲೆ ಕುಳಿತು, ನಮ್ಮ ಮೂರು ಸಂಸ್ಥೆಗಳು ಶನಿವಾರ ಸೇರುತ್ತವೆ. ಹೊಸದಾಗಿ ದಾಖಲಾದ ಅನಾಮಿಕ ರೋಗಿಗಳ ಗುರುತು ನಾನು ಓದುತ್ತೇನೆ, ಕಾಣೆಯಾದವರ ಗುರುತು ಅವಳು ಓದುತ್ತಾಳೆ. ಮೇಷ್ಟ್ರು ಇಬ್ಬರು ಆಯಾಗಳಿಗೂ ಒಬ್ಬ ವಾಚ್‌ಮನ್ನಿಗೂ ಸನ್ನೆ ಕಲಿಸುತ್ತಾರೆ: ನೋವು, ನೀರು, ಮನೆ, ಹೆಸರು, ಯಾರನ್ನು ಕರೆಯಲಿ. ಹೆಚ್ಚಿನ ಶನಿವಾರ ಏನೂ ಹೊಂದುವುದಿಲ್ಲ. ಬಲೂನು ಊದುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಇದು ತರಬೇತಿಯೆಂದೂ ಸಂಪರ್ಕಜಾಲವೆಂದೂ ನಮಗೆ ನಿಮ್ಮ ನೋಟಿಸ್ ಓದಿದ ಮೇಲೆಯೇ ತಿಳಿದದ್ದು. ಅನುಮತಿ ಬೇಕಿತ್ತೆಂದರೆ ಅರ್ಜಿಯ ಮೇಲೆ ಏನೆಂದು ಬರೆಯಬೇಕಿತ್ತು, ಅರ್ಜೆಂಟ್ ಎಂದೇ?

ನೋಂದಣಿ ತಡೆಯುವುದಿದ್ದರೆ ತಡೆಯಿರಿ. ಕೂರುವುದಕ್ಕೆ ನೋಂದಣಿ ಬೇಕಿಲ್ಲ. ನಾನು ಕೇಳುವುದು ಬೇರೆ. ಆ ದಿನದ ಹಾಜರಾತಿ ಪಟ್ಟಿಯನ್ನು, ಪ್ರತಿ ಸಂಸ್ಥೆ ಏನು ಮಾಡುತ್ತದೆ, ಯಾವ ನಂಬರಿಗೆ ಸಿಗುತ್ತದೆ ಎಂಬ ವಿವರದೊಂದಿಗೆ, ಈ ತಿಂಗಳೊಳಗೆ ಬಹಿರಂಗಪಡಿಸಿ. ಊರಿನ ಪ್ರತಿ ಆಸ್ಪತ್ರೆ, ಪೊಲೀಸ್ ಠಾಣೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಮಗೆ ಕೊಡಿ, ಜೆರಾಕ್ಸ್ ಮಾಡಿ ನಾವೇ ಅಂಟಿಸುತ್ತೇವೆ. ಮುಂದಿನ ತರಬೇತಿಯಲ್ಲಿ ಆ ಒಂದು ಗಂಟೆಯನ್ನು ಬೆಳಿಗ್ಗೆಯೇ ಇಡಿ, ಮುಖ್ಯ ಅತಿಥಿಗಳು ಏಳುವ ಮೊದಲು. ನಮ್ಮ ಮೂರು ಸಂಸ್ಥೆಗಳ ವಿಷಯ ಹೇಗೋ ಬಯಲಿಗೆ ಬಂತು, ಒಂದು ಅಂಗಡಿ ಮುಚ್ಚಿದ್ದರಿಂದ. ಆ ಸಭಾಂಗಣದಲ್ಲಿ ಇನ್ನೂ ಅರವತ್ತೊಂದು ಸಂಸ್ಥೆಗಳು ನಾಲ್ಕು ಗಂಟೆಯಾಗಲಿ ಎಂದು ಕಾಯುತ್ತಿದ್ದವು. ಅವರು ಯಾರನ್ನು ಹುಡುಕಿಕೊಂಡು ಬಂದಿದ್ದರು, ಅವರು ಹುಡುಕುತ್ತಿದ್ದವರು ಇನ್ನೂ ಬದುಕಿದ್ದಾರೆಯೇ ಎಂಬುದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಇಂತಿ,
ನಿಮ್ಮಿಂದ ಸಂಪರ್ಕ ಕೌಶಲದಲ್ಲಿ ಪ್ರಥಮ ದರ್ಜೆಯ ಪ್ರಮಾಣಪತ್ರ ಪಡೆದಿರುವ ಒಬ್ಬ ಹೊಲಿಗೆ ಟೀಚರ್