ಹಾಕಿ ಬ್ಯಾಗಿನೊಳಗಿನ ಹನ್ನೊಂದು ಉಂಡೆಗಳು

ಅಕ್ಟೋಬರ್ 9, ಸಂಜೆ 5

ಮತ್ತೆ ಬಲ ಮಣಿಕಟ್ಟು ಊದಿದೆ. ಮರಳು ತುಂಬಿದ್ದೇ ತಪ್ಪು. ತೂಗುಹಾಕಿ ಗುದ್ದಲೆಂದು ಹಳೆ ಹಾಕಿ ಬ್ಯಾಗಿಗೆ ದಂಡೆಯ ಮರಳು, ಬಕೆಟ್‌ಗಟ್ಟಲೆ... ಭಾರವಾಯಿತೆಂದು ಖುಷಿಪಟ್ಟೆ. ಮೂರೇ ದಿನದಲ್ಲಿ ಎಲ್ಲ ಕೆಳಗಿಳಿದು ಗಟ್ಟಿ. ಮೇಲೆ ಖಾಲಿ ಚೀಲ, ಕೆಳಗೆ ಗೋಡೆ. ಉಳಿದದ್ದು ಪರವಾಗಿಲ್ಲ — ಬೇಸ್ಮೆಂಟಿನ ತೊಲೆಗೆ ಕಾರು ಎಳೆಯುವ ಹಗ್ಗ. ಕೈಗೆ ಸುತ್ತಲು ಬೆಡ್‌ಶೀಟಿನ ಪಟ್ಟಿ. ಕಾಲುಚೀಲದಲ್ಲಿ ಟೆನಿಸ್ ಚೆಂಡು ಹಾಕಿ ಮುಖದೆತ್ತರಕ್ಕೆ ಇಳಿಬಿಟ್ಟಿದ್ದೇನೆ, ತಪ್ಪಿಸಿಕೊಳ್ಳುವ ಅಭ್ಯಾಸಕ್ಕೆ. ಮೂಗಿಗೆ ಎರಡು ಸಲ ಬಿತ್ತು. ರೌಂಡ್ ಅಳೆಯಲು ಮೊಟ್ಟೆ ಬೇಯಿಸುವ ಟೈಮರ್.

ಕಿಕ್‌ಬಾಕ್ಸಿಂಗ್ ಕ್ಲಬ್ಬಿನ ಟೆಸ್ಟ್ ನವೆಂಬರ್ 8, ಶನಿವಾರ. ಮುಖ ಕಾಯುವ ಕೈ ಇಳಿಸುವವರು ತನಗೆ ಬೇಡ ಎಂದು ಕೋಚ್ ರೊಡ್ರಿಗ್ ಮೊದಲೇ ಹೇಳಿಬಿಟ್ಟಿದ್ದಾರೆ. ನಾನು ಇಳಿಸುತ್ತೇನೆ. ಹಾಸ್ಟೆಲಿನಲ್ಲಿ ಆರು ವರ್ಷ, ಯಾರಾದರೂ ಮೈಮೇಲೆ ಬಂದರೆ ಕೈ ಇಳಿಸಿ ನಿಂತೇ ಬಚಾವಾದವನು.

ಅಕ್ಟೋಬರ್ 11

ಮರಳು ವಾಪಸ್ ದಂಡೆಗೆ. ಮನೆಯೊಡತಿ ಮದಾಂ ಬೆರೂಬೆಯವರನ್ನು ಕೇಳಿದೆ, ಚಿಂದಿ ಬಟ್ಟೆ ಇದೆಯೇ ಎಂದು. ನನ್ನ ಫ್ರೆಂಚನ್ನು ಅವರು ತಲೆ ಓರೆ ಮಾಡಿ ಕೇಳುತ್ತಾರೆ, ಗರಗರ ಎನ್ನುವ ರೇಡಿಯೋ ಕೇಳಿದ ಹಾಗೆ. ನನ್ನ ಅಪ್ಪ ಇಂಗ್ಲಿಷ್ ಮಾತಿನವನೆಂದು ಎಲ್ಲ ಮಾಫಿ. ಬೇಸ್ಮೆಂಟಿನ ಕಪಾಟಿನಲ್ಲಿದೆ, ಬೇಕಾದಷ್ಟು ತೆಗೆದುಕೋ ಎಂದರು. ಮಂಡಿನೋವು, ಅವರು ಕೆಳಗಿಳಿದು ಬರುವುದಿಲ್ಲ.

ಕಪಾಟಿನಲ್ಲಿ ಎರಡು ಬಗೆಯಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಗ್ರೀಸ್ ನಾರುವ ಬನಿಯನ್ನುಗಳು. ಬುಟ್ಟಿಯಲ್ಲಿ ಬಟ್ಟೆಯನ್ನು ಪಟ್ಟಿಯಾಗಿ ಹರಿದು, ತುದಿಗೆ ತುದಿ ಹೊಲಿದು ಸುತ್ತಿದ ಉಂಡೆಗಳು. ಹನ್ನೊಂದು. ಸೋಪಿನ ವಾಸನೆ. ಚಿಂದಿಯನ್ನೂ ಇಷ್ಟು ನೀಟಾಗಿಡುತ್ತಾರಲ್ಲ ಅಂದುಕೊಂಡು ಬುಟ್ಟಿಯದನ್ನೇ ತುಂಬಿದೆ.

ಅಕ್ಟೋಬರ್ 12

ಉಂಡೆಗಳು ಗೆಣ್ಣಿಗೆ ಕಲ್ಲಿನಂತೆ ತಾಗುತ್ತವೆ. ಎಲ್ಲ ಬಿಚ್ಚಿ, ಸಡಿಲ ಮಾಡಿ, ಕಲಸಿ ತುಂಬಿದೆ. ಎರಡು ಗಂಟೆ ಹಿಡಿಯಿತು. ಈಗ ಸರಿ. ಧಪ್ ಎನ್ನುತ್ತದೆ, ಮಾಂಸದ ಹಾಗೆ.

ಅಕ್ಟೋಬರ್ 27

ದಿನಾ ಆರು ರೌಂಡ್. ಕೈ ಕೆನ್ನೆಯ ಹತ್ತಿರವೇ ಇರುತ್ತಿದೆ, ಹೆಚ್ಚುಕಡಿಮೆ. ಇವತ್ತು ಮೆಟ್ಟಿಲ ಮೇಲಿನಿಂದ ಮದಾಂ: "ಅವನು ಸತ್ತ, ಬಿಡೋ ಮರಿ. ಸೂಪ್ ಆರ್ತಾ ಇದೆ." ಈ ಫ್ರೆಂಚ್ ಊರಿಗೆ ಓದಲು ಬಂದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ.

ನವೆಂಬರ್ 3

ಊಟಕ್ಕೆ ಕೂತಾಗ ಹೇಳಿದರು. ಮೊಮ್ಮಗಳು ಮೋಡ್‌ಳ ಮದುವೆಗೆ ಹೊದಿಕೆ ನೇಯುತ್ತಾರಂತೆ, ಚಿಂದಿ ಪಟ್ಟಿಯದು. ಮಹಿಳಾ ಸಂಘದ ಮಗ್ಗ, ಸೋಮವಾರ 10ರಿಂದ ಒಂದು ವಾರ ಇವರ ಸರದಿ. ಅದು ತಪ್ಪಿದರೆ ಮದುವೆಯವರೆಗೂ ಮಗ್ಗ ಖಾಲಿಯಿಲ್ಲ. ಗಂಡ ಫೆರ್ನಾಂ ತೀರಿಹೋಗಿ ಎಂಟು ವರ್ಷ. ಪಟ್ಟಿಯೆಲ್ಲ ಅವರ ಅಂಗಿಗಳದು.

"ಎರಡು ಚಳಿಗಾಲ ಕೂತು ಹರಿದೆ, ಹೊಲಿದೆ. ಹನ್ನೊಂದು ಉಂಡೆ ಆಯ್ತು."

ಬಟಾಣಿ ಸೂಪ್ ಇನ್ನೊಂದು ಸೌಟು ಬಡಿಸಿಕೊಂಡೆ. ಚೆನ್ನಾಗಿರುತ್ತದೆ ಎಂದೆ. ಯಾಕೆ ಹಾಗಂದೆ?

ನವೆಂಬರ್ 4

ಬೇಕಾದಷ್ಟು ತೆಗೆದುಕೋ ಅಂದವರು ಅವರೇ. ಹಾಗಾದರೆ ತಪ್ಪು ನನ್ನದಲ್ಲ. ಆದರೆ ಚಿಂದಿಯನ್ನು ಯಾರಾದರೂ ತುದಿಗೆ ತುದಿ ಹೊಲಿದಿಡುತ್ತಾರಾ? ಹಾಗಾದರೆ ನನ್ನದೇ. ಆದರೂ ಅವರು ಪೆಟ್ಟಿಗೆ ಅಂತ ಹೇಳಬಹುದಿತ್ತು... ಗೊತ್ತಿಲ್ಲ.

ಹಳೆ ಬಟ್ಟೆ ಅಂಗಡಿಗೆ ಹೋದೆ. ಚೌಕಳಿ ಅಂಗಿ ನಾಲ್ಕು ಎತ್ತಿಕೊಂಡೆ. ಹರಿದು ಉಂಡೆ ಮಾಡಿಟ್ಟರೆ ತಿಳಿಯುತ್ತದೆಯೇ? ಎಂಥ ಯೋಚನೆ ಇದು. ವಾಪಸ್ ಇಟ್ಟು ಬಂದೆ.

ಬ್ಯಾಗಿಗೆ ಹೊಡೆಯಲಾಗಲಿಲ್ಲ. ಮೂರು ವಾರ ಫೆರ್ನಾಂ ಅವರನ್ನು ಗುದ್ದಿದ್ದೇನೆ.

ನವೆಂಬರ್ 6, ಮಧ್ಯಾಹ್ನ

ಅವರು ಹುಡುಕುತ್ತಿದ್ದಾರೆ. ಬೀರು, ಮಂಚದಡಿ, ಒಲೆಯ ಹಿಂದೆ ಕೂಡ. ಕೆಳಗೆ ನೋಡಿ ಬಾ ಎಂದು ನನ್ನನ್ನೇ ಕಳಿಸಿದರು. ಹೋಗಿ ಬ್ಯಾಗಿನ ಮುಂದೆ ನಿಂತು ಬಂದೆ. ಬುಟ್ಟಿ ಖಾಲಿ ಎಂದೆ. ಸುಳ್ಳಲ್ಲ. ಸುಳ್ಳೇ.

ಕುರ್ಚಿಯಲ್ಲಿ ಕೂತು, ನನ್ನ ಕಡೆ ನೋಡದೆ: "ಲೂಸಿದೂ ಹೀಗೇ ಶುರುವಾಗಿದ್ದು. ಮೊದಲು ಕತ್ತರಿ ಎಲ್ಲಿಟ್ಟೆ ಅಂತ ಮರೆತಳು. ಕೊನೆಗೆ ನನ್ನನ್ನೇ."

ಲೂಸಿ ಅವರ ತಂಗಿ. ಈಗ ವೃದ್ಧಾಶ್ರಮದಲ್ಲಿದ್ದಾರೆ. ಆಗಲೇ ಹೇಳಬೇಕಿತ್ತು. ಕ್ಲಾಸಿದೆ ಎಂದು ಎದ್ದು ಬಂದೆ. ಇವತ್ತು ಕ್ಲಾಸಿಲ್ಲ.

ನವೆಂಬರ್ 7

ಡಾಕ್ಟರಿಗೆ ಫೋನ್ ಮಾಡಿ ಸಮಯ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಕೈ ಇಳಿಬಿಟ್ಟು.

ನವೆಂಬರ್ 8, ಮಧ್ಯಾಹ್ನ 3.20

ಟೆಸ್ಟ್ ನಾಲ್ಕಕ್ಕೆ. ಶೂ ಹಾಕಿಕೊಂಡು, ಮತ್ತೆ ಬಿಚ್ಚಿ, ಕೆಳಗೆ ಹೋಗಿ ಹಗ್ಗ ಬಿಚ್ಚಿದೆ. ಬ್ಯಾಗನ್ನು ಒಂದೊಂದೇ ಮೆಟ್ಟಿಲು ಎಳೆದು ತಂದು ಅಡುಗೆಮನೆಯಲ್ಲಿ ಜಿಪ್ ಬಿಚ್ಚಿದೆ. ಕಲಿತಿಟ್ಟ ಮಾತೆಲ್ಲ ಮರೆತು, ಬಾಯಿಗೆ ಬಂದದ್ದು ಅರ್ಧ ಇಂಗ್ಲಿಷ್.

ಮದಾಂ ಬ್ಯಾಗಿನೊಳಕ್ಕೆ ಬಗ್ಗಿದರು. ನೀಲಿ ತುದಿಯೊಂದನ್ನು ಎಳೆದು ಮೂಸಿದರು.

"ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ."

ಅತ್ತರೋ ನಕ್ಕರೋ ತಿಳಿಯಲಿಲ್ಲ. ಮುಖ ಒರೆಸಿಕೊಂಡ ಮೇಲೆ ದನಿ ಬೇರೆಯೇ ಆಗಿತ್ತು. "ಬಟ್ಟೆ ಹೋಗ್ಲಿ. ಎರಡು ದಿನ ನಾನು ಹುಡುಕೋದು ನೋಡ್ಕೊಂಡು ನನ್ನ ಸೂಪ್ ಕುಡಿದ್ಯಲ್ಲೋ."

ಟೆಸ್ಟ್ ಇದೆ ಎಂಬುದು ಅವರಿಗೂ ಗೊತ್ತು. ಗಡಿಯಾರ ನೋಡಿದರು, ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ನಾನು ಎದುರು ಕುರ್ಚಿ ಎಳೆದು ಕೂತೆ.

ಸಂಜೆ 5.30

ಸಿಕ್ಕು ಬಿಡಿಸಿದ ಪಟ್ಟಿಯನ್ನು ನನ್ನ ಎರಡೂ ಮುಷ್ಟಿಗೆ ಸುತ್ತಿ, ಆ ಕಡೆಯಿಂದ ಅವರು ಉಂಡೆ ಮಾಡುತ್ತಾರೆ. ಮೊಣಕೈ ಪಕ್ಕೆಗೆ, ಮುಷ್ಟಿ ಕೆನ್ನೆಯೆತ್ತರಕ್ಕೆ. ಹದಿನೈದು ನಿಮಿಷಕ್ಕೆ ಭುಜ ಉರಿಯಿತು.

"ಕೈ ಇಳಿಸಬೇಡ," ಎಂದರು.

ಇಳಿಸಲಿಲ್ಲ.

ಟೆಸ್ಟ್ ಮುಗಿದಿರುತ್ತದೆ. ಹೋಗದಿದ್ದದ್ದು ಹೆದರಿಕೆಗೋ, ಅಲ್ಲವೋ... ಅವರಿಗೆ ಸಿಟ್ಟು ಇಳಿದಿದೆಯೋ, ಅದೂ ಗೊತ್ತಿಲ್ಲ. ನೀಲಿ ಮುಗಿಯಿತು. ಇನ್ನು ಹತ್ತು, ಮಗ್ಗದ ಸರದಿಗೆ ಮೊದಲು ನಾಳೆ ಒಂದೇ ದಿನ. ಒಲೆ ಮೇಲೆ ಏನೋ ಇಟ್ಟು ಬಂದಿದ್ದಾರೆ, ಕರೆಯುತ್ತಿದ್ದಾರೆ. ಈಗ ಕೆಂಪು ಚೌಕಳಿ, ಭುಜ ಇನ್ನೂ —